ಎಸ್‌ಎಸ್‌ಎಚ್ ಕೀ ಲಾಗಿನ್ ಮತ್ತು ಅದರ ದೋಷಪತ್ತೆ

ದೂರದ ಲಿನಕ್ಸ್ ಸರ್ವರ್‌ನೊಳಗೆ ಪಾಸ್‌ವರ್ಡ್ ಇಲ್ಲದೆ, ಒಂದು ಜೊತೆ ಕೀಗಳ ಬಲದಿಂದ ಪ್ರವೇಶ ಪಡೆಯುವ ವಿಧಾನ. ಸೆಕ್ಯೂರ್ ಶೆಲ್, ಅಂದರೆ ಎಸ್‌ಎಸ್‌ಎಚ್, ಎಂಬ ಪ್ರೋಟೊಕಾಲ್ ಇದರ ಆಧಾರ. ಪ್ರೈವೇಟ್ ಕೀ ಬಳಕೆದಾರರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಅದರ ಜೊತೆಯ ಪಬ್ಲಿಕ್ ಕೀಯನ್ನು ಸರ್ವರ್‌ನಲ್ಲಿ ಆ ಬಳಕೆದಾರರ ಖಾತೆಯೊಳಗೆ ಮೊದಲೇ ಬರೆದಿಟ್ಟಿರಬೇಕು. ಎರಡೂ ತಾಳೆಯಾದರೆ ಲಾಗಿನ್ ಆಗುತ್ತದೆ. ಆಗದಿದ್ದಾಗ ತೆರೆಯ ಮೇಲೆ ಮೂಡುವುದು ಬಹುಮಟ್ಟಿಗೆ ಒಂದೇ ಸಾಲು: 'ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ'. ಯೂಸರ್ ಹೆಸರು ತಪ್ಪಿದರೂ ಇದೇ, ಫೈಲಿನ ಪರ್ಮಿಷನ್ ಕೆಟ್ಟರೂ ಇದೇ, ಕೀ ಹಳೆಯದಾದರೂ ಇದೇ. ಇದು ತಂತ್ರಾಂಶ ಬರೆದವರ ಸೋಮಾರಿತನವಲ್ಲ. ಹೊರಗೆ ನಿಂತಿರುವವರು ಮಾಲೀಕರೋ ಕಳ್ಳರೋ ಗೊತ್ತಿಲ್ಲದಾಗ ಕಾರಣ ಬಿಡಿಸಿ ಹೇಳಿದರೆ ಕಳ್ಳರಿಗೇ ಅನುಕೂಲ; ಹಾಗಾಗಿ ಸರ್ವರ್ ನಿಜವಾದ ಕಾರಣವನ್ನು ತನ್ನ ಲಾಗ್ ಫೈಲಿನಲ್ಲಿ ಬರೆದುಕೊಂಡು, ಹೊರಗಿನವರಿಗೆ ಬರಿ 'ಇಲ್ಲ' ಎನ್ನುತ್ತದೆ. ಈ ಲಾಗಿನ್‌ನ ದೋಷಪತ್ತೆಯ ಕಷ್ಟವೆಲ್ಲ ಇರುವುದು ಇಲ್ಲಿ: ತೊಂದರೆ ಕಾಣುವುದು ಒಂದು ತುದಿಯಲ್ಲಿ, ಉತ್ತರ ಇರುವುದು ಇನ್ನೊಂದು ತುದಿಯಲ್ಲಿ.

ಕಲಬುರಗಿ ನಗರದಲ್ಲಿ ಲಿನಕ್ಸ್ ಸರ್ವರ್ ಅಪರೂಪದ ವಸ್ತುವಲ್ಲ. 1958ರಲ್ಲಿ ಆರಂಭವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1980ರ ಗುಲ್ಬರ್ಗ ವಿಶ್ವವಿದ್ಯಾಲಯ, 2017ರ ಶರಣಬಸವ ವಿಶ್ವವಿದ್ಯಾಲಯ ನಗರದಲ್ಲಿವೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಂಪ್ಯೂಟರ್ ಸೈನ್ಸ್ ಓದುವವರು ಎಲ್ಲಿದ್ದರೂ ಒಂದಲ್ಲ ಒಂದು ದಿನ ಎಸ್‌ಎಸ್‌ಎಚ್ ಮುಟ್ಟಲೇಬೇಕು. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಮೊದಲ 500 ಸೂಪರ್‌ಕಂಪ್ಯೂಟರುಗಳೆಲ್ಲ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಯಂತ್ರದ ಎದುರು ಕುಳಿತು ಯಾರೂ ಕೆಲಸ ಮಾಡುವುದಿಲ್ಲ, ದೂರದಿಂದ ಲಾಗಿನ್ ಆಗಿಯೇ ಮಾಡುತ್ತಾರೆ. ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿಗೆ ನಿತ್ಯ ಓಡಾಡಿ ಓದುವ, ದುಡಿಯುವ ಮಂದಿ ಬಹಳ. ಸರ್ವರ್ ನಗರದ ಲ್ಯಾಬಿನಲ್ಲಿದೆ, ಲ್ಯಾಪ್‌ಟಾಪ್ ಕಮಲಾಪುರದ ಮನೆಯಲ್ಲಿದೆ ಎಂಬ ಸನ್ನಿವೇಶವನ್ನೇ ಈ ಲೇಖನ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದೆ. ರಾತ್ರಿ ಹತ್ತಕ್ಕೆ ಲಾಗಿನ್ ಕೈಕೊಟ್ಟರೆ ಮುಂದಿನ ದಾರಿ ಬೆಳಗಿನ ಬಸ್ಸೇ ಆಗಬೇಕೆಂದಿಲ್ಲ.

ಹಿನ್ನೆಲೆ

1995ಕ್ಕೆ ಮುಂಚೆ ದೂರದ ಯಂತ್ರಕ್ಕೆ ಹೋಗಲು ಟೆಲ್ನೆಟ್, ಆರ್‌ಲಾಗಿನ್ ಬಳಕೆಯಲ್ಲಿದ್ದವು. ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ತಂತಿಯ ಮೇಲೆ ಹರಿಯುತ್ತಿತ್ತು. ಆ ವರ್ಷ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದಾಲಿಸಿದರು. ಅಲ್ಲಿನ ಸಂಶೋಧಕ ತಾತು ಯಲೋನನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದು ಜುಲೈಯಲ್ಲಿ ಬಿಡುಗಡೆ ಮಾಡಿದರು. ಟೆಲ್ನೆಟ್‌ನ 23 ಮತ್ತು ಎಫ್‌ಟಿಪಿಯ 21ರ ನಡುವೆ 22 ಖಾಲಿಯಿದ್ದುದನ್ನು ಕಂಡು ಅದನ್ನೇ ಕೇಳಿ ಪಡೆದರು. ಇಂದಿಗೂ ಎಸ್‌ಎಸ್‌ಎಚ್‌ನ ಪೋರ್ಟ್ 22. ಮೂಲ ತಂತ್ರಾಂಶದ ಲೈಸೆನ್ಸ್ ಬಿಗಿಯಾಗುತ್ತ ಹೋದಾಗ ಓಪನ್‌ಬಿಎಸ್‌ಡಿ ತಂಡ ಹಳೆಯ ಮುಕ್ತ ಆವೃತ್ತಿಯೊಂದರಿಂದ ಕವಲೊಡೆದು ಓಪನ್‌ಎಸ್‌ಎಸ್‌ಎಚ್ ಕಟ್ಟಿತು. 1999ರ ಡಿಸೆಂಬರ್‌ನಲ್ಲಿ ಅದು ಹೊರಬಂತು. ಇಂದು ಉಬುಂಟು, ಡೆಬಿಯನ್, ರೆಡ್ ಹ್ಯಾಟ್ ಯಾವುದರಲ್ಲಿ ನೋಡಿದರೂ ಇರುವುದು ಇದೇ. ಪ್ರೋಟೊಕಾಲ್‌ನ ಎರಡನೆಯ ಆವೃತ್ತಿ 2006ರ ಜನವರಿಯಲ್ಲಿ ಅಧಿಕೃತ ಮಾನದಂಡವಾಯಿತು.

ಲಾಗಿನ್ ನಡೆಯುವ ಕ್ರಮ

ದೋಷ ಹುಡುಕುವವರಿಗೆ ಗಣಿತ ಬೇಕಿಲ್ಲ, ಹಂತಗಳ ಕ್ರಮ ಗೊತ್ತಿದ್ದರೆ ಸಾಕು. ಮೊದಲು ಲ್ಯಾಪ್‌ಟಾಪಿನಿಂದ ಸರ್ವರ್‌ನ ಪೋರ್ಟ್‌ಗೆ ಸಂಪರ್ಕ ಕೂಡಬೇಕು. ಬಳಿಕ ಎರಡೂ ಕಡೆಯವರು ತಮ್ಮ ಆವೃತ್ತಿ ಹೇಳಿಕೊಂಡು, ಗೂಢಲಿಪಿಯ ವಿಧಾನ ಒಪ್ಪಿಕೊಂಡು, ಆ ಹೊತ್ತಿಗೆ ಮಾತ್ರ ಬಾಳುವ ಗುಟ್ಟಿನ ಕೀಯೊಂದನ್ನು ಜೊತೆಗೂಡಿ ತಯಾರಿಸುತ್ತಾರೆ. ಆಗಲೇ ಸರ್ವರ್ ತನ್ನ ಹೋಸ್ಟ್ ಕೀ ತೋರಿಸಿ ತಾನು ಯಾರೆಂದು ರುಜುವಾತು ಮಾಡುತ್ತದೆ. ಬಳಕೆದಾರರ ಸರದಿ ಬರುವುದು ಇಷ್ಟಾದ ಮೇಲೆ. ಲ್ಯಾಪ್‌ಟಾಪು 'ಈ ಪಬ್ಲಿಕ್ ಕೀ ನಡೆಯುತ್ತದೆಯೇ' ಎಂದು ಕೇಳುತ್ತದೆ. ಆ ಕೀ ಪಟ್ಟಿಯಲ್ಲಿದ್ದರೆ ಸರ್ವರ್ ಹೂಂ ಎನ್ನುತ್ತದೆ. ಆಮೇಲೆ ಪ್ರೈವೇಟ್ ಕೀಯಿಂದ ಸಹಿ ಮಾಡಿ ಕಳಿಸಬೇಕು. ಪ್ರೈವೇಟ್ ಕೀ ಮಾತ್ರ ಎಂದೂ ಲ್ಯಾಪ್‌ಟಾಪ್ ಬಿಟ್ಟು ಹೊರಡುವುದಿಲ್ಲ.

ಈ ಕ್ರಮದಲ್ಲಿ ಎಲ್ಲಿ ನಿಂತಿತು ಎಂದು ತಿಳಿಯಲು ಎಸ್‌ಎಸ್‌ಎಚ್ ಆಜ್ಞೆಗೆ '-ವಿ' ಸೇರಿಸಿದರೆ ಸಾಕು. ಮೂರು ಸಲ 'ವಿ' ಬರೆದರೆ ವಿವರ ಇನ್ನೂ ಹೆಚ್ಚು. ಬರುವ ಸಾಲುಗಳ ಮಳೆ ನೋಡಿ ಗಾಬರಿಯಾಗಬೇಕಿಲ್ಲ. ಹುಡುಕಬೇಕಾದವು ಮೂರೇ: 'ಕನೆಕ್ಷನ್ ಎಸ್ಟಾಬ್ಲಿಷ್ಡ್' ಬಂದಿತೇ, 'ಆಫರಿಂಗ್ ಪಬ್ಲಿಕ್ ಕೀ' ಎಂಬಲ್ಲಿ ಯಾವ ಫೈಲಿನ ಹೆಸರಿದೆ, 'ಸರ್ವರ್ ಅಕ್ಸೆಪ್ಟ್ಸ್ ಕೀ' ಬಂದಿತೇ. ಮೊದಲನೆಯದು ಬರದಿದ್ದರೆ ದೋಷ ಜಾಲದ್ದು. ಎರಡನೆಯದು ಬಂದು ಮೂರನೆಯದು ಬರದಿದ್ದರೆ ಸರ್ವರ್ ಆ ಕೀಯನ್ನು ಒಪ್ಪಲಿಲ್ಲ. ಮೂರನೆಯದೂ ಬಂದು ಕೊನೆಗೆ ಮುರಿದರೆ ಸಹಿ ಹಾಕುವ ಹಂತದಲ್ಲಿ ಎಡವಟ್ಟಾಗಿರುವ ಸಂಭವವೇ ಹೆಚ್ಚು: ಪ್ರೈವೇಟ್ ಕೀಗೆ ಹಾಕಿದ ಪಾಸ್‌ಫ್ರೇಸ್ ತಪ್ಪಿದೆ, ಅಥವಾ ಪಬ್ಲಿಕ್ ಫೈಲೂ ಪ್ರೈವೇಟ್ ಫೈಲೂ ಒಂದೇ ಜೊತೆಯವಲ್ಲ.

ಸಂಪರ್ಕವೇ ಕೂಡದಿದ್ದಾಗ

'ಕನೆಕ್ಷನ್ ರೆಫ್ಯೂಸ್ಡ್' ಮತ್ತು 'ಕನೆಕ್ಷನ್ ಟೈಮ್ಡ್ ಔಟ್' ಒಂದೇ ಅಲ್ಲ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಸೇವೆ ನಿಂತಿದೆ ಇಲ್ಲವೇ ಪೋರ್ಟ್ ಬದಲಾಗಿದೆ. ಎರಡನೆಯದರಲ್ಲಿ ಮಾತು ಅತ್ತ ಕಡೆ ಮುಟ್ಟಲೇ ಇಲ್ಲ. ಫೈರ್‌ವಾಲ್ ನುಂಗಿದೆ, ಅಥವಾ ವಿಳಾಸವೇ ತಪ್ಪು. ಎರಡರಲ್ಲೂ ಕೀ ಬದಲಿಸಿ ಪ್ರಯೋಜನವಿಲ್ಲ. ಆದರೂ ಹೊಸಬರು ಮೊದಲು ಮಾಡುವ ಕೆಲಸ ಹೊಸ ಕೀ ತಯಾರಿಸುವುದೇ!

ಕರೆಂಟ್ ಹೋಗಿ ಬಂದ ಮೇಲಿನ ದೋಷಗಳು ಬೇಸಿಗೆಯ ಕಲಬುರಗಿಯಲ್ಲಿ ಪ್ರತ್ಯೇಕ ಮಾತಿಗೆ ಯೋಗ್ಯ. ರೂಟರ್ ಮತ್ತೆ ಎದ್ದಾಗ ಸರ್ವರ್‌ಗೆ ಬೇರೆ ಒಳವಿಳಾಸ ಕೊಟ್ಟಿರಬಹುದು. ನಿನ್ನೆಯ ವಿಳಾಸದಲ್ಲಿ ಇಂದು ಪ್ರಿಂಟರೋ ಬೇರೊಂದು ಪಿಸಿಯೋ ಕೂತಿರುತ್ತದೆ. ಸರ್ವರ್‌ಗೆ ರೂಟರಿನಲ್ಲಿ ಕಾಯಂ ವಿಳಾಸ ಬರೆದಿಡುವುದೇ ಇದಕ್ಕೆ ಮದ್ದು. ಯಂತ್ರ ಇನ್ನೂ ಪೂರ್ತಿ ಏಳದಿದ್ದರೆ ಕೀ ಸರಿಯಿದ್ದರೂ 'ಸಿಸ್ಟಮ್ ಈಸ್ ಬೂಟಿಂಗ್ ಅಪ್' ಎಂದು ಸಾಮಾನ್ಯ ಬಳಕೆದಾರರನ್ನು ವಾಪಸು ಕಳಿಸುತ್ತದೆ; ಐದು ನಿಮಿಷ ಕಾದರೆ ಸರಿಹೋಗುತ್ತದೆ. ಇನ್ನೊಂದು ಕುತ್ತು ಸೂಕ್ಷ್ಮವಾದದ್ದು. ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೆ ಪಬ್ಲಿಕ್ ಕೀಗಳ ಪಟ್ಟಿಯೂ ಅದರೊಳಗೇ ಮುಚ್ಚಿರುತ್ತದೆ. ಪಾಸ್‌ವರ್ಡ್ ಕೊಟ್ಟು ಒಮ್ಮೆ ಒಳಹೊಕ್ಕ ಮೇಲಷ್ಟೇ ಕೀ ಲಾಗಿನ್ ನಡೆಯುತ್ತದೆ, ರೀಬೂಟ್ ಆದೊಡನೆ ಮತ್ತೆ ನಿಲ್ಲುತ್ತದೆ. 'ನಿನ್ನೆ ಬಂದಿತ್ತು, ಇವತ್ತು ಬರುತ್ತಿಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಪಟ್ಟಿಯನ್ನು ಹೋಮ್ ಫೋಲ್ಡರಿನ ಹೊರಗೆ, 'ಇಟಿಸಿ'ಯ ಕೆಳಗೆ ಇಟ್ಟು ಸರ್ವರ್‌ನ ಕಾನ್ಫಿಗ್‌ನಲ್ಲಿ ಆ ದಾರಿ ತಿಳಿಸಿದರೆ ಬಗೆಹರಿಯುತ್ತದೆ.

ಕಮಲಾಪುರದ ತುದಿಯಲ್ಲಿ ಬಹುಪಾಲು ಸಂಪರ್ಕ ಮೊಬೈಲ್ ಹಾಟ್‌ಸ್ಪಾಟಿನದು. ಮೊಬೈಲ್ ಕಂಪನಿಗಳು ಒಂದು ಸಾರ್ವಜನಿಕ ಐಪಿ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಇದರಿಂದ ಹೊರಹೋಗುವ ಎಸ್‌ಎಸ್‌ಎಚ್‌ಗೆ ಅಡ್ಡಿಯಿಲ್ಲ. ಆದರೆ ಮನೆಯ ಹಾಟ್‌ಸ್ಪಾಟಿನ ಹಿಂದಿರುವ ಯಂತ್ರವನ್ನೇ ಸರ್ವರ್ ಮಾಡಿ ಹೊರಗಿನಿಂದ ಒಳಬರಲು ನೋಡಿದರೆ, ಯಾವ ಪೋರ್ಟ್ ತೆರೆದರೂ, ಆಗುವುದಿಲ್ಲ. ಅಂಥ ಯಂತ್ರ ತಾನೇ ಹೊರಗಿನ ಬಾಡಿಗೆ ಸರ್ವರ್‌ಗೆ ಸುರಂಗ ಕೊರೆದು ನಿಲ್ಲಬೇಕು, ಅಥವಾ ವಿಪಿಎನ್ ಬೇಕು. ಸುಮ್ಮನೆ ಬಿಟ್ಟ ಸೆಷನ್ ಕೆಲವು ನಿಮಿಷದಲ್ಲಿ ಹೆಪ್ಪುಗಟ್ಟುವುದಕ್ಕೂ ಈ ಹಂಚಿಕೆಯೇ ಕಾರಣ; ಕ್ಲೈಂಟ್‌ನ ಕಾನ್ಫಿಗ್‌ನಲ್ಲಿ 'ಸರ್ವರ್‌ಅಲೈವ್‌ಇಂಟರ್ವಲ್ 60' ಎಂಬ ಒಂದು ಸಾಲು ಅದನ್ನು ತಡೆಯುತ್ತದೆ. ಸಿಗ್ನಲ್ ಬಂದು ಹೋಗುವ ಕಡೆಗಳಲ್ಲಿ ಮಾಶ್ ಎಂಬ ತಂತ್ರಾಂಶ ಇನ್ನೂ ವಾಸಿ. ಅದೂ ಮೊದಲ ಪ್ರವೇಶಕ್ಕೆ ಎಸ್‌ಎಸ್‌ಎಚ್ ಕೀಯನ್ನೇ ನೆಚ್ಚಿಕೊಂಡಿದೆ, ಆಮೇಲೆ ಯುಡಿಪಿಯಲ್ಲಿ ಮುಂದುವರಿಯುತ್ತದೆ.

ಫೈಬರ್ ಇದ್ದವರಿಗೆ ಬೇರೆ ತಾಪತ್ರಯ. ಪಿಪಿಪಿಓಇ ಮೂಲಕ ಬರುವ ಸಂಪರ್ಕದಲ್ಲಿ ಒಂದು ಪ್ಯಾಕೆಟ್ಟಿನ ಗಾತ್ರ 1500 ಬೈಟಿನ ಬದಲು 1492 ಬೈಟಿಗೆ ಇಳಿಯುತ್ತದೆ. ಅದರ ಮೇಲೆ ವಿಪಿಎನ್ ಕೂಡಿದರೆ ಇನ್ನೂ ಕಡಿಮೆ. ದಾರಿಯಲ್ಲೆಲ್ಲೋ ಈ ಸುದ್ದಿ ತಲುಪದಿದ್ದರೆ ಸಣ್ಣ ಮಾತು ದಾಟುತ್ತದೆ, ದೊಡ್ಡದು ಬೀಳುತ್ತದೆ. ಆಗ '-ವಿ' ಸಾಲುಗಳು ಕೀ ವಿನಿಮಯದ ನಡುವೆ, 'ಎಕ್ಸ್‌ಪೆಕ್ಟಿಂಗ್' ಎಂದು ಆರಂಭವಾಗುವ ಸಾಲಿನಲ್ಲಿ ನಿಂತುಬಿಡುತ್ತವೆ. ಬಯ್ಗುಳವೂ ಇಲ್ಲ, ಉತ್ತರವೂ ಇಲ್ಲ. ಲ್ಯಾಪ್‌ಟಾಪಿನ ಜಾಲಸಂಪರ್ಕದ ಎಂಟಿಯು, ಅಂದರೆ ಪ್ಯಾಕೆಟ್ ಗಾತ್ರದ ಮಿತಿ, ತಗ್ಗಿಸಿ, ಉದಾಹರಣೆಗೆ 1400ಕ್ಕೆ ಇಳಿಸಿ, ನೋಡುವುದು ಇದಕ್ಕೆ ಚುರುಕಾದ ಪರೀಕ್ಷೆ.

ಒಂದೇ ವಿಳಾಸವನ್ನು ಹಲವರು ಹಂಚಿಕೊಳ್ಳುವಲ್ಲಿ ಇನ್ನೊಂದು ಪಜೀತಿಯೂ ಉಂಟು. ಕಾಲೇಜಿನ ಇಡೀ ಲ್ಯಾಬು ಹೊರಗಿನ ಸರ್ವರ್‌ಗೆ ಒಂದೇ ಐಪಿಯಾಗಿ ಕಾಣುತ್ತದೆ. ಪದೇ ಪದೇ ತಪ್ಪುವ ಐಪಿಯನ್ನು ತಡೆಹಿಡಿಯುವ ಫೇಲ್‌2ಬ್ಯಾನ್ ಎಂಬ ತಂತ್ರಾಂಶ ಆ ಸರ್ವರ್‌ನಲ್ಲಿ ಇದ್ದು ಒಬ್ಬ ವಿದ್ಯಾರ್ಥಿ ಪದೇ ಪದೇ ತಪ್ಪಿದರೆ ಶಿಕ್ಷೆ ಎಲ್ಲರಿಗೂ. 2024ರ ಜುಲೈಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಿಂದ ಇಂಥ ದಂಡನೆ ಸರ್ವರ್‌ನೊಳಗೇ ಅಡಕವಾಗಿದೆ. ಲ್ಯಾಬಿನಿಂದ ಬಾರದ್ದು ಮೊಬೈಲ್ ಡೇಟಾದಿಂದ ಬಂದರೆ ಅನುಮಾನ ಇತ್ತ ತಿರುಗಬೇಕು.

ಹೋಸ್ಟ್ ಕೀ ಬದಲಾದ ಎಚ್ಚರಿಕೆ

'ರಿಮೋಟ್ ಹೋಸ್ಟ್ ಐಡೆಂಟಿಫಿಕೇಷನ್ ಹ್ಯಾಸ್ ಚೇಂಜ್ಡ್' ಎಂಬ ದೊಡ್ಡಕ್ಷರದ ಕಟ್ಟೆಚ್ಚರಿಕೆ ಬಳಕೆದಾರರ ಕೀಗೆ ಸಂಬಂಧಿಸಿದ್ದಲ್ಲ. ಹಿಂದೆ ಕಂಡ ಸರ್ವರ್‌ನ ಗುರುತು ಈಗ ಬೇರೆಯಾಗಿದೆ ಎಂದಷ್ಟೇ ಅದರ ಮಾತು. ಸರ್ವರ್‌ಗೆ ಉಬುಂಟು ಹೊಸದಾಗಿ ಹಾಕಿದ್ದರೆ, ಮೇಲೆ ಹೇಳಿದಂತೆ ವಿಳಾಸ ಅದಲುಬದಲಾಗಿದ್ದರೆ ಇದು ಸಹಜ. ಸರ್ವರ್‌ನ ಉಸ್ತುವಾರಿಯವರಿಗೆ ಫೋನ್ ಮಾಡಿ ಹೊಸ ಫಿಂಗರ್‌ಪ್ರಿಂಟ್ ಓದಿಸಿಕೊಂಡು ತಾಳೆ ನೋಡಿ, ಆಮೇಲೆ 'ಎಸ್‌ಎಸ್‌ಎಚ್-ಕೀಜೆನ್ -ಆರ್' ಜೊತೆಗೆ ಹೋಸ್ಟ್ ಹೆಸರು ಕೊಟ್ಟು ಹಳೆಯ ಗುರುತು ಅಳಿಸಬೇಕು. ಆ 'ಆರ್' ದೊಡ್ಡಕ್ಷರದ್ದು. ಫೋನ್ ಮಾಡದೆ ಅಳಿಸುವುದೇ ಊರೆಲ್ಲ ನಡೆಯುವ ಪದ್ಧತಿ, ಅದು ಒಳ್ಳೆಯದಲ್ಲ.

'ಪರ್ಮಿಷನ್ ಡಿನೈಡ್'

ಸಂಪರ್ಕ ಕೂಡಿದೆ, ಹೋಸ್ಟ್ ಸರಿಯಿದೆ, ಆದರೂ ಒಳಗೆ ಬಿಡುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಯೂಸರ್ ಹೆಸರು. ಹೆಸರು ಕೊಡದಿದ್ದರೆ ಎಸ್‌ಎಸ್‌ಎಚ್ ಲ್ಯಾಪ್‌ಟಾಪಿನ ಖಾತೆಯ ಹೆಸರನ್ನೇ ಸರ್ವರ್‌ಗೂ ಹೇಳುತ್ತದೆ. ಬಾಡಿಗೆ ಕ್ಲೌಡ್ ಯಂತ್ರಗಳಲ್ಲಿ ಈ ಹೆಸರು ಆಯಾ ಕಂಪನಿ, ಆಯಾ ಲಿನಕ್ಸಿಗೆ ತಕ್ಕಂತೆ ಬೇರೆ: ಅಮೆಜಾನ್‌ನಲ್ಲಿ ಉಬುಂಟು ಹಾಕಿದರೆ 'ಉಬುಂಟು', ಅಮೆಜಾನ್ ಲಿನಕ್ಸ್ ಆದರೆ 'ಇಸಿ2-ಯೂಸರ್', ಡಿಜಿಟಲ್‌ಓಷನ್‌ನಲ್ಲಿ 'ರೂಟ್'. ಇಲ್ಲದ ಹೆಸರಿಗೂ ಸರ್ವರ್ ಅದೇ ನಿರಾಕರಣೆ ಕೊಡುವುದರಿಂದ ಹೆಸರು ತಪ್ಪೆಂದು ಹೊಳೆಯುವುದು ತಡವಾಗಿ.

ಮುಂದಿನ ಪ್ರಶ್ನೆ, ಹೋಗುತ್ತಿರುವ ಕೀ ಯಾವುದು. ಎಸ್‌ಎಸ್‌ಎಚ್ ತಾನಾಗಿ ಹುಡುಕುವುದು ಕೆಲವೇ ನಿಗದಿತ ಹೆಸರಿನ ಫೈಲುಗಳನ್ನು. ಕೀಗೆ ಬೇರೆ ಹೆಸರಿಟ್ಟಿದ್ದರೆ '-ಐ' ಕೊಟ್ಟು ತೋರಿಸಬೇಕು. ತದ್ವಿರುದ್ಧ ತೊಂದರೆಯೂ ಇದೆ. ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿ ಏಳೆಂಟು ಕೀ ತುಂಬಿಕೊಂಡಿದ್ದರೆ ಅವು ಒಂದೊಂದಾಗಿ ಹೋಗಿ, ಸರಿಯಾದ ಕೀಯ ಸರದಿ ಬರುವ ಮೊದಲೇ ಸರ್ವರ್ 'ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್' ಎಂದು ಬಾಗಿಲು ಹಾಕುತ್ತದೆ. ಬದಲಿಸದಿದ್ದರೆ ಅದರ ಮಿತಿ 6. ಕ್ಲೈಂಟ್‌ನ ಕಾನ್ಫಿಗ್‌ನಲ್ಲಿ 'ಐಡೆಂಟಿಟೀಸ್‌ಓನ್ಲಿ ಯೆಸ್' ಬರೆದು ಫೈಲಿನ ಹೆಸರು ಕೊಟ್ಟರೆ ಆ ಒಂದೇ ಕೀ ಹೋಗುತ್ತದೆ.

ಫೈಲಿನ ಪರ್ಮಿಷನ್ ವಿಚಾರದಲ್ಲಿ ಬಾಯಿಪಾಠದ ಸಂಖ್ಯೆಗಳು ಎಲ್ಲರಿಗೂ ಗೊತ್ತು: ಎಸ್‌ಎಸ್‌ಎಚ್ ಫೋಲ್ಡರಿಗೆ 700, ಫೈಲಿಗೆ 600. ಹಾಗೆ ಮಾಡಿದರೂ ಲಾಗಿನ್ ಆಗದವರು ಬಹಳ, ಏಕೆಂದರೆ ನಿಯಮದ ಹಿಂದಿನ ತರ್ಕ ಬಾಯಿಪಾಠದಲ್ಲಿಲ್ಲ. ಸರ್ವರ್ ಕೇಳುವುದು ಒಂದೇ: ಪಬ್ಲಿಕ್ ಕೀಗಳ ಪಟ್ಟಿಯಿರುವ 'ಆಥರೈಸ್ಡ್_ಕೀಸ್' ಫೈಲನ್ನು ಮಾಲೀಕರು ಮತ್ತು ರೂಟ್ ಬಿಟ್ಟು ಬೇರೆಯವರು ಬದಲಿಸಬಲ್ಲರೇ? ಫೈಲು, ಅದರ ಫೋಲ್ಡರು, ಅದರ ಮೇಲಿನ ಹೋಮ್ ಫೋಲ್ಡರು, ಮೂರನ್ನೂ ಅದು ಪರೀಕ್ಷಿಸುತ್ತದೆ. ಬೇರೆಯವರು ಓದಬಹುದಾದರೆ ಅದಕ್ಕೆ ಚಿಂತೆಯಿಲ್ಲ. ಬರೆಯುವಂತಿದ್ದರೆ ಪಟ್ಟಿಯನ್ನೇ ಕಡೆಗಣಿಸುತ್ತದೆ. ಫೋಲ್ಡರು ಫೈಲು ಎರಡೂ ಬಿಗಿಯಾಗಿದ್ದು ಹೋಮ್ ಫೋಲ್ಡರು 777 ಅಥವಾ 775 ಆಗಿ ಉಳಿದಿರುವುದೇ ತೀರಾ ಸಾಮಾನ್ಯವಾದ ಗುಪ್ತ ಕಾರಣ. ಯಾರೋ ಹಿಂದೆ ಪ್ರಾಜೆಕ್ಟ್ ಫೈಲು ಹಂಚಲು ಹಾಗೆ ಮಾಡಿ ಮರೆತಿರುತ್ತಾರೆ. ಎರಡನೆಯ ಸಾಮಾನ್ಯ ಕಾರಣ ಒಡೆತನ: ಅಡ್ಮಿನ್ ರೂಟ್ ಆಗಿ ನಿಂತು ವಿದ್ಯಾರ್ಥಿಯ ಪರವಾಗಿ ಫೋಲ್ಡರು ಮಾಡಿಕೊಟ್ಟಿದ್ದರೆ, ಅದು ರೂಟ್‌ನದಾಗಿ ಉಳಿದು 700 ಆಗಿದ್ದರೆ, ವಿದ್ಯಾರ್ಥಿಯ ಹೆಸರಿನಲ್ಲಿ ಓದಹೊರಟ ಸರ್ವರ್‌ಗೆ ಒಳಗೆ ಕಾಲಿಡಲಾಗುವುದಿಲ್ಲ. ರೆಡ್ ಹ್ಯಾಟ್ ಕುಲದ ಯಂತ್ರಗಳಲ್ಲಿ ಇವೆಲ್ಲ ಸರಿಯಿದ್ದೂ ಎಸ್‌ಇಲಿನಕ್ಸ್ ಅಡ್ಡ ನಿಲ್ಲಬಹುದು. ಫೋಲ್ಡರನ್ನು ಬೇರೆಡೆಯಿಂದ ಸರಿಸಿ ತಂದಾಗ ಅದರ ಲೇಬಲ್ ಹಳೆಯದೇ ಉಳಿದಿರುತ್ತದೆ. 'ರಿಸ್ಟೋರ್‌ಕಾನ್' ಆಜ್ಞೆ ಅದನ್ನು ಸರಿಪಡಿಸುತ್ತದೆ. ಎಸ್‌ಇಲಿನಕ್ಸನ್ನೇ ಆರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬಾರದು.

ಲ್ಯಾಪ್‌ಟಾಪಿನ ಕಡೆ ನಿಯಮ ತಿರುವುಮುರುವು. ಪ್ರೈವೇಟ್ ಕೀಯನ್ನು ಬೇರೆಯವರು ಓದುವಂತಿದ್ದರೂ ಎಸ್‌ಎಸ್‌ಎಚ್ ಅದನ್ನು ಬಳಸಲು ಒಪ್ಪುವುದಿಲ್ಲ, 'ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್' ಎಂದು ಕೂಗುತ್ತದೆ. ಪೆನ್‌ಡ್ರೈವಿನಲ್ಲಿ ಕೀ ಒಯ್ಯುವವರಿಗೆ ಇದು ಬಿಡದ ಕಾಟ. ಪೆನ್‌ಡ್ರೈವಿನ ಫ್ಯಾಟ್ ಫೈಲ್‌ಸಿಸ್ಟಮ್ ಲಿನಕ್ಸ್ ಪರ್ಮಿಷನ್ ಇಟ್ಟುಕೊಳ್ಳುವುದೇ ಇಲ್ಲ. ಅಲ್ಲಿ ಎಷ್ಟು ಸಲ 600 ಮಾಡಿದರೂ ನಿಲ್ಲುವುದಿಲ್ಲ. ಕೀಯನ್ನು ಹೋಮ್ ಫೋಲ್ಡರಿಗೆ ನಕಲಿಸಿ ಅಲ್ಲಿ ಪರ್ಮಿಷನ್ ಬದಲಿಸಬೇಕು.

ಫೈಲಿನೊಳಗಿನ ಬರಹವೂ ಕೆಡುತ್ತದೆ. ಪಬ್ಲಿಕ್ ಕೀ ಎಂದರೆ ಒಂದೇ ಉದ್ದನೆಯ ಸಾಲು; ಆರ್‌ಎಸ್‌ಎ ಆದರೆ ನೂರಾರು ಅಕ್ಷರ. ಮೊಬೈಲಿನ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ವರ್ಡ್‌ನಲ್ಲಿ ಅಂಟಿಸಿ, ಅಲ್ಲಿಂದ ಸರ್ವರ್‌ಗೆ ತಂದಾಗ ಸಾಲು ನಡುವೆ ಮುರಿಯುತ್ತದೆ, ಮೊದಲಿನ ಒಂದೆರಡು ಅಕ್ಷರ ಉದುರುತ್ತವೆ. ಪಬ್ಲಿಕ್ ಕೀಯನ್ನು ಯಾರು ನೋಡಿದರೂ ಅಪಾಯವಿಲ್ಲ, ಕಳಿಸುವ ದಾರಿಯಲ್ಲಿ ಅದು ಕೆಡಬಾರದು ಅಷ್ಟೇ. ಪಾಸ್‌ವರ್ಡ್ ಲಾಗಿನ್ ಇನ್ನೂ ತೆರೆದಿರುವಾಗಲೇ 'ಎಸ್‌ಎಸ್‌ಎಚ್-ಕಾಪಿ-ಐಡಿ' ಬಳಸಿದರೆ ಸಾಲೂ ಸರಿಯಾಗಿ ಹೋಗುತ್ತದೆ, ಪರ್ಮಿಷನ್ನೂ ಸರಿಯಾಗುತ್ತದೆ. ವಿಂಡೋಸ್‌ನಲ್ಲಿ ಪುಟ್ಟಿ ಬಳಸುವವರು ಇನ್ನೊಂದು ಗಮನಿಸಬೇಕು: ಪುಟ್ಟಿಜೆನ್ ಉಳಿಸುವ ಪಬ್ಲಿಕ್ ಕೀ ಫೈಲು ಹಲವು ಸಾಲಿನದು, ಅದನ್ನು ಹಾಗೇ ಹಾಕಿದರೆ ನಡೆಯದು. ಕಿಟಕಿಯ ಮೇಲ್ಭಾಗದ ಪೆಟ್ಟಿಗೆಯಲ್ಲಿ ಕಾಣುವ ಒಂದೇ ಸಾಲಿನ ರೂಪವನ್ನು ನಕಲಿಸಬೇಕು. ಪಿಪಿಕೆ ಫೈಲನ್ನು ಓಪನ್‌ಎಸ್‌ಎಸ್‌ಎಚ್‌ಗೆ ಕೊಡಬೇಕಾದರೆ ಅದೇ ಪುಟ್ಟಿಜೆನ್‌ನಿಂದ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು.

ಹಳೆಯ ಕೀ, ಹೊಸ ಸರ್ವರ್

ವರ್ಷಗಟ್ಟಲೆ ಸುಖವಾಗಿ ನಡೆದ ಕೀ ಒಂದು ಅಪ್‌ಗ್ರೇಡ್ ಮರುದಿನ ನಿಂತರೆ ಕಾರಣ ಬಹುತೇಕ ಗೂಢಲಿಪಿಯ ವಯಸ್ಸು. ಡಿಎಸ್‌ಎ ಕೀಗಳನ್ನು ಓಪನ್‌ಎಸ್‌ಎಸ್‌ಎಚ್ 2015ರ 7.0ರಲ್ಲಿ ತಾನಾಗಿ ಒಪ್ಪುವುದನ್ನು ನಿಲ್ಲಿಸಿತು, 2025ರ 10.0ರಲ್ಲಿ ಕಿತ್ತೇ ಹಾಕಿತು. 2021ರ ಸೆಪ್ಟೆಂಬರ್‌ನ 8.8 ಇನ್ನೂ ಹೆಚ್ಚು ಜನರನ್ನು ಮುಟ್ಟಿತು: ಎಸ್‌ಎಚ್‌ಎ-1 ಬಳಸಿ ಮಾಡುವ ಆರ್‌ಎಸ್‌ಎ ಸಹಿಗೆ ಅದು ಬೆನ್ನು ತಿರುಗಿಸಿತು. ಇಲ್ಲಿ ಕೆಟ್ಟಿರುವುದು ಕೀ ಅಲ್ಲ, ಸಹಿಯ ವಿಧಾನ. ಅದೇ ಆರ್‌ಎಸ್‌ಎ ಕೀ ಹೊಸ ತಂತ್ರಾಂಶದಲ್ಲಿ ಎಸ್‌ಎಚ್‌ಎ-2 ಸಹಿ ಹಾಕಿ ಆರಾಮವಾಗಿ ಒಳಬರುತ್ತದೆ. ಲ್ಯಾಬಿನ ವಿಂಡೋಸ್ ಪಿಸಿಯಲ್ಲಿ 2021ರ 0.75ಕ್ಕಿಂತ ಹಳೆಯ ಪುಟ್ಟಿ ಇದ್ದು ಸರ್ವರ್ ಹೊಸದಾದರೆ ಪುಟ್ಟಿಯನ್ನು ಬದಲಿಸುವುದೇ ಪರಿಹಾರ. ಉಲ್ಟಾ ಪ್ರಸಂಗದಲ್ಲಿ, ಅಂದರೆ ಲ್ಯಾಪ್‌ಟಾಪು ಹೊಸದಾಗಿದ್ದು ಸರ್ವರ್ ಸೆಂಟ್‌ಓಎಸ್ 6ರಂಥ ಮುದಿಯಂತ್ರವಾಗಿದ್ದರೆ, ಆ ಒಂದು ಹೋಸ್ಟ್‌ಗೆ ಮಾತ್ರ ಹಳೆಯ ಸಹಿಯನ್ನು ಒಪ್ಪುವಂತೆ ಕ್ಲೈಂಟ್ ಕಾನ್ಫಿಗ್‌ನಲ್ಲಿ ಬರೆಯಬಹುದು. ಎಲ್ಲ ಹೋಸ್ಟ್‌ಗೂ ಬರೆದು ಕೂರುವುದು ತಪ್ಪು. ಹೊಸದಾಗಿ ಕೀ ಮಾಡುವವರು ಇಡಿ25519 ಆಯ್ದರೆ ಈ ಜಂಜಾಟವಿಲ್ಲ. 2014ರ 6.5ರಿಂದಲೇ ಅದು ನಡೆಯುತ್ತದೆ, 2023ರ 9.5ರಿಂದ ಕೀಜೆನ್ ತಾನಾಗಿ ಮಾಡಿಕೊಡುವುದೂ ಅದನ್ನೇ. ಸಾಲು ಚಿಕ್ಕದು, ಕಾಪಿ ಮಾಡುವಾಗ ಮುರಿಯುವ ಭಯವೂ ಕಡಿಮೆ.

ಸರ್ವರ್ ಕಾನ್ಫಿಗ್ ಮತ್ತು ಲಾಗ್

'ಎಸ್‌ಎಸ್‌ಎಚ್‌ಡಿ_ಕಾನ್ಫಿಗ್' ಫೈಲನ್ನು ತೆರೆದು ಓದಿದ ಮಾತ್ರಕ್ಕೆ ಸರ್ವರ್‌ನ ಮನಸ್ಸು ತಿಳಿಯದು. ಒಂದೇ ಆಯ್ಕೆ ಎರಡು ಕಡೆ ಬಂದರೆ ಎಸ್‌ಎಸ್‌ಎಚ್ ಮೊದಲು ಕಂಡದ್ದನ್ನು ಹಿಡಿಯುತ್ತದೆ, ಕೊನೆಯದನ್ನಲ್ಲ. ಉಬುಂಟುವಿನಲ್ಲಿ ಪಕ್ಕದ ಫೋಲ್ಡರಿನ ತುಣುಕು ಫೈಲುಗಳು ಮೊದಲೇ ಸೇರಿಕೊಳ್ಳುತ್ತವೆ. ಕ್ಲೌಡ್ ಯಂತ್ರವನ್ನು ಮೊದಲು ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಅಲ್ಲಿ ಬರೆದಿಟ್ಟ ಒಂದು ಸಾಲು, ಕೆಳಗೆ ನಾವು ಬರೆದದ್ದನ್ನೆಲ್ಲ ಮೂಲೆಗೆ ತಳ್ಳುತ್ತದೆ. ಸರ್ವರ್ ನಿಜವಾಗಿ ಪಾಲಿಸುತ್ತಿರುವುದನ್ನು 'ಎಸ್‌ಎಸ್‌ಎಚ್‌ಡಿ' ಆಜ್ಞೆಗೆ ದೊಡ್ಡಕ್ಷರದ 'ಟಿ' ಕೊಟ್ಟು ಕೇಳಬೇಕು. ಚಿಕ್ಕಕ್ಷರದ 'ಟಿ' ಬರಹದ ತಪ್ಪುಗಳನ್ನಷ್ಟೇ ಹೇಳುತ್ತದೆ. ಪೋರ್ಟ್ ಬದಲಿಸಿದವರಿಗೆ ಇನ್ನೊಂದು ಮಾತು: ಉಬುಂಟು 22.10ರಿಂದ ಈಚೆಗೆ ಪೋರ್ಟ್ ಕಾಯುವುದು ಸಿಸ್ಟಮ್‌ಡಿಯ ಸಾಕೆಟ್, ಹಾಗಾಗಿ ಕಾನ್ಫಿಗ್ ತಿದ್ದಿ ಸೇವೆಯನ್ನಷ್ಟೇ ರೀಸ್ಟಾರ್ಟ್ ಮಾಡಿದರೆ ಹಳೆಯ ಪೋರ್ಟೇ ಉಳಿಯುತ್ತದೆ. 'ಅಲೌಯೂಸರ್ಸ್' ಎಂಬ ಸಾಲಿದ್ದರೆ ಅದರಲ್ಲಿ ಹೆಸರಿಲ್ಲದವರಿಗೆ ಎಂಥ ಕೀ ಇದ್ದರೂ ಪ್ರವೇಶವಿಲ್ಲ.

ಲಾಗ್ ಸಾಮಾನ್ಯವಾಗಿ ಇರುವುದು ಡೆಬಿಯನ್, ಉಬುಂಟುವಿನಲ್ಲಿ 'ಆಥ್.ಲಾಗ್' ಫೈಲಿನಲ್ಲಿ, ರೆಡ್ ಹ್ಯಾಟ್ ಕುಲದಲ್ಲಿ 'ಸೆಕ್ಯೂರ್' ಫೈಲಿನಲ್ಲಿ. ಎರಡರಲ್ಲೂ 'ಜರ್ನಲ್‌ಸಿಟಿಎಲ್' ಮೂಲಕ ನೋಡಬಹುದು, ಸೇವೆಯ ಹೆಸರು ಡೆಬಿಯನ್, ಉಬುಂಟುವಿನಲ್ಲಿ 'ಎಸ್‌ಎಸ್‌ಎಚ್', ರೆಡ್ ಹ್ಯಾಟ್ ಕುಲದಲ್ಲಿ 'ಎಸ್‌ಎಸ್‌ಎಚ್‌ಡಿ' ಅಷ್ಟೇ. ಹೊರಗೆ ಮುಗುಮ್ಮಾಗಿದ್ದ ಸರ್ವರ್ ಇಲ್ಲಿ ಬಾಯಿಬಿಡುತ್ತದೆ: ಇಂಥ ಫೋಲ್ಡರಿನ ಒಡೆತನ ಅಥವಾ ಮೋಡ್ ಕೆಟ್ಟಿದೆ, ಈ ಯೂಸರೇ ಇಲ್ಲ, ಈ ಖಾತೆಗೆ ಹಾಕಿದ ಶೆಲ್ ಯಂತ್ರದಲ್ಲಿಲ್ಲ, ಈ ಸಹಿಯ ವಿಧಾನ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. ಕಮಲಾಪುರದಲ್ಲಿ ಕೂತವರು ಗಂಟೆಗಟ್ಟಲೆ ಊಹಿಸುವ ಬದಲು ಕಲಬುರಗಿಯ ಲ್ಯಾಬಿನಲ್ಲಿರುವ ಯಾರಿಗಾದರೂ ಫೋನ್ ಹಚ್ಚಿ, ತಾವು ಒಮ್ಮೆ ಲಾಗಿನ್ ಒತ್ತುತ್ತ ಆ ಹೊತ್ತಿನ ಸಾಲುಗಳನ್ನು ಓದಿಸಿಕೊಳ್ಳುವುದು ಎಲ್ಲ ಉಪಾಯಗಳಿಗಿಂತ ಬೇಗ ಫಲಿಸುತ್ತದೆ. ಲಾಗೂ ಸಾಲದಿದ್ದರೆ ಅಡ್ಮಿನ್ ಬೇರೊಂದು ಪೋರ್ಟ್‌ನಲ್ಲಿ, ಉದಾಹರಣೆಗೆ 2222ರಲ್ಲಿ, ಎರಡನೆಯ ಎಸ್‌ಎಸ್‌ಎಚ್‌ಡಿಯನ್ನು '-ಡಿ' ಸೇರಿಸಿ ಕೈಯಿಂದಲೇ ಓಡಿಸಬಹುದು. ಅದು ಒಂದು ಸಂಪರ್ಕ ತೆಗೆದುಕೊಂಡು ಪ್ರತಿ ಹೆಜ್ಜೆಯನ್ನೂ ತೆರೆಯ ಮೇಲೆ ಹೇಳಿ ಮುಗಿಯುತ್ತದೆ. ನಡೆಯುತ್ತಿರುವ ಸೇವೆಗೆ ಧಕ್ಕೆಯಿಲ್ಲ. ಲಾಗ್ ಉಳಿಸುವುದು ಬರಿ ಅನುಕೂಲದ ಮಾತಲ್ಲ. ಭಾರತದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಐಸಿಟಿ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡಬೇಕು.

ಲಾಗಿನ್‌ನ ಸಣ್ಣ ತೊಂದರೆಯನ್ನು ಬೆನ್ನತ್ತಿ ಹೋದುದರ ಅತಿ ದೊಡ್ಡ ಫಲ 2024ರ ಮಾರ್ಚ್‌ನಲ್ಲಿ ಕಂಡಿತು. ಮೈಕ್ರೋಸಾಫ್ಟ್‌ನಲ್ಲಿದ್ದ ಪೋಸ್ಟ್‌ಗ್ರೆಸ್ ತಂತ್ರಜ್ಞ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ ಡೆಬಿಯನ್‌ನ ಪ್ರಯೋಗ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗುತ್ತಿರುವುದು ಕಂಡಿತು. ಏಕೆ ಎಂದು ಕೆದಕಿದಾಗ ಎಕ್ಸ್‌ಜಡ್ ಎಂಬ ಸಂಕುಚನ ಲೈಬ್ರರಿಯೊಳಗೆ ಯಾರೋ ಹುದುಗಿಸಿದ್ದ ಕಳ್ಳಬಾಗಿಲು ಸಿಕ್ಕಿಬಿತ್ತು. ಬಹುಪಾಲು ಸರ್ವರ್‌ಗಳಿಗೆ ಅದು ತಲುಪುವ ಮುನ್ನವೇ ತಡೆಯಲಾಯಿತು.

ಕನ್ನಡ ಬಳಕೆದಾರರಿಗೆ ವಿಶೇಷವಾದ ತೊಡಕುಗಳು

ಲ್ಯಾಪ್‌ಟಾಪನ್ನು ಕನ್ನಡದ ಲೊಕೇಲ್‌ಗೆ ಹೊಂದಿಸಿದ್ದರೂ ಓಪನ್‌ಎಸ್‌ಎಸ್‌ಎಚ್‌ನ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ, ಅದಕ್ಕೆ ಅನುವಾದದ ವ್ಯವಸ್ಥೆಯೇ ಇಲ್ಲ. ಆದರೆ ಡೆಬಿಯನ್, ಉಬುಂಟು ಕ್ಲೈಂಟುಗಳು ತಮ್ಮ ಲೊಕೇಲನ್ನು ಸರ್ವರ್‌ಗೂ ಕಳಿಸುತ್ತವೆ; ಅಲ್ಲಿ ಕನ್ನಡ ಲೊಕೇಲ್ ತಯಾರಾಗಿರದಿದ್ದರೆ 'ಕೆನಾಟ್ ಚೇಂಜ್ ಲೊಕೇಲ್' ಎಂದು ಬರುತ್ತದೆ. ಇದು ಒಳಬಂದ ಮೇಲಿನ ಗೊಣಗಾಟ. ಲಾಗಿನ್ ವಿಫಲವಾಯಿತೆಂದು ಭಾವಿಸಬಾರದು. ಇದಕ್ಕಿಂತ ಹೆಚ್ಚು ಕಾಡುವುದು ಕೀಬೋರ್ಡು. ಪಾಸ್‌ಫ್ರೇಸ್ ಕೊಡುವಾಗ ತೆರೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ. ನುಡಿಯೋ ಇನ್‌ಸ್ಕ್ರಿಪ್ಟ್ ವಿನ್ಯಾಸವೋ ಚಾಲ್ತಿಯಲ್ಲೇ ಉಳಿದಿದ್ದರೆ ಬೆರಳು ಸರಿಯಾದ ಗುಂಡಿಗಳನ್ನೇ ಒತ್ತಿದರೂ ಒಳಹೋಗುವುದು ಕನ್ನಡದ ಅಕ್ಷರ. ಕೀ ಹಾಳಾಯಿತೆಂದು ಹೊಸದು ಮಾಡಹೊರಡುವ ಮೊದಲು ಅದೇ ಪಾಸ್‌ಫ್ರೇಸನ್ನು ಖಾಲಿ ನೋಟ್‌ಪ್ಯಾಡಿನಲ್ಲಿ ಬರೆದು ನೋಡಿ ಅಳಿಸಿದರೆ ತಿಳಿಯುತ್ತದೆ.

ಹೊರಗೆ ಉಳಿಯದಿರುವ ಎಚ್ಚರ

ದುರಸ್ತಿಯ ಭರದಲ್ಲಿ ಇದ್ದ ದಾರಿಯನ್ನೂ ಮುಚ್ಚಿಕೊಳ್ಳುವವರು ಕಡಿಮೆಯಿಲ್ಲ. ಕಾನ್ಫಿಗ್ ತಿದ್ದುವಾಗ ಈಗಾಗಲೇ ತೆರೆದಿರುವ ಸೆಷನ್ ಮುಚ್ಚಬಾರದು. ಸೇವೆ ರೀಸ್ಟಾರ್ಟ್ ಆದರೂ ಅದು ಸಾಮಾನ್ಯವಾಗಿ ಉಳಿಯುತ್ತದೆ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ಖಾತ್ರಿ ಮಾಡಿಕೊಂಡ ನಂತರವೇ ಮೊದಲನೆಯದನ್ನು ಬಿಡಬೇಕು. ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ಸಾಲು ಬರೆಯುವುದೂ ಕೀ ಕೆಲಸ ಮಾಡಿದ ಮೇಲೆಯೇ. ಪೂರ್ತಿ ಹೊರಗುಳಿದರೆ ಕ್ಲೌಡ್ ಯಂತ್ರಕ್ಕೆ ಕಂಪನಿಯ ವೆಬ್ ಕನ್ಸೋಲ್ ಉಂಟು, ಅಥವಾ ಡಿಸ್ಕ್ ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಪಟ್ಟಿ ತಿದ್ದಬಹುದು. ಲ್ಯಾಬಿನ ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಚುಚ್ಚುವವರೊಬ್ಬರು ಬೇಕು.

ಕೆಲವು ನಿರಾಕರಣೆಗಳು ಸರಿಯಾದವೇ ಆಗಿರುತ್ತವೆ. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ 2006ರಲ್ಲಿ ಆದ ಒಂದು ತಿದ್ದುಪಡಿಯಿಂದ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬತ್ತಿತ್ತು; ಒಂದು ಬಗೆಯ, ಒಂದು ಗಾತ್ರದ ಕೀಗೆ 32,768 ಸಾಧ್ಯತೆಗಳಷ್ಟೇ ಉಳಿದವು. 2008ರ ಮೇ 13ರಂದು ಇದು ಬಹಿರಂಗವಾದ ಮೇಲೆ ಡೆಬಿಯನ್, ಉಬುಂಟು ಸರ್ವರ್‌ಗಳು ಅಂಥ ಕೀಗಳನ್ನು ಹೆಸರು ಹಿಡಿದು ತಿರಸ್ಕರಿಸತೊಡಗಿದವು. ಆದರೂ 2015ರಲ್ಲಿ ಗಿಟ್‌ಹಬ್ ಖಾತೆಗಳಲ್ಲಿ ಅಂಥವು ಇನ್ನೂ ಸಿಕ್ಕಿದವು. ಕಾಲೇಜು ಸರ್ವರ್‌ಗಳಲ್ಲಿ ಇದರದೇ ಸಣ್ಣ ರೂಪ ಪ್ರತಿ ವರ್ಷ ಎದುರಾಗುತ್ತದೆ: ಪಾಸಾಗಿ ಹೋದ ತಂಡದ ಕೀಗಳು 'ಆಥರೈಸ್ಡ್_ಕೀಸ್'ನಲ್ಲಿ ಹಾಗೇ ಉಳಿದಿರುತ್ತವೆ. ಪ್ರತಿ ಸಾಲಿನ ಕೊನೆಯಲ್ಲಿ ಯಾರದು, ಯಾವ ವರ್ಷದ್ದು ಎಂದು ಬರೆಯುವ ಜಾಗವಿದೆ. ಅದನ್ನು ತುಂಬಿಸಿಟ್ಟರೆ ಜೂನ್‌ನಲ್ಲಿ ಅಳಿಸಬೇಕಾದ ಸಾಲು ಯಾವುದೆಂದು ಅಡ್ಮಿನ್ ಯಾರನ್ನೂ ಕೇಳಬೇಕಾಗುವುದಿಲ್ಲ.